ಆಲ್ಪ್ ದ್ಯುಯೆಜ್‌ಗೆ ಆ 21 ತಿರುವುಗಳ ರಸ್ತೆ ಒಂದೇ ಅಲ್ಲ

ಓದುಗರ ಪ್ರಶ್ನೆ: ಜುಲೈನಲ್ಲಿ ನಾಲ್ಕು ದಿನ ಫ್ರಾನ್ಸಿನ ಆಲ್ಪ್ಸ್ ಕಣಿವೆಯ ಬೂರ್ ದ್ವಾಜಾನ್‌ನಲ್ಲಿ ಇರುತ್ತೇವೆ. ರೋಡ್ ಬೈಕ್ (ಡಾಂಬರು ರಸ್ತೆಯ ಸೈಕಲ್) ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ಕಾರು, ಬಸ್ಸುಗಳ ಕಾಟವಿಲ್ಲದ ರಸ್ತೆ ಆ ಕಣಿವೆಯಲ್ಲಿ ಇದೆಯೇ? ಮೇಲಿನ ಬೆಟ್ಟದೂರು ಆಲ್ಪ್ ದ್ಯುಯೆಜ್‌ಗೆ ಇರುವುದು ಒಂದೇ ದಾರಿ ಅನ್ನುತ್ತಾರಲ್ಲ, ನಸುಕಿನಲ್ಲೇ ಹೊರಡಬೇಕೇ?

ಉತ್ತರ: ಈ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಬರುತ್ತದೆ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ. ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಅಂಥ ರಸ್ತೆಗಳು ಇವೆ, ನಾಲ್ಕು ದಿನಕ್ಕೆ ಸಾಕಾಗಿ ಮಿಗುವಷ್ಟಿವೆ. ಎರಡನೆಯ ಭಾಗ ಪ್ರಶ್ನೆಯೇ ಅಲ್ಲ, ಬಾಯಿಂದ ಬಾಯಿಗೆ ಹರಡಿರುವ ತಪ್ಪು ತಿಳಿವಳಿಕೆ. ಅದನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ.

ಮೊದಲು ತಪ್ಪಿಸಬೇಕಾದ ರಸ್ತೆ ಯಾವುದೆಂದು ತಿಳಿದಿರಲಿ. ಅದು ಡಿ 1091 (ಡಿ ಅಂದರೆ ಜಿಲ್ಲಾ ರಸ್ತೆ). ಗ್ರೆನೋಬಲ್‌ನಿಂದ ಬ್ರಿಯಾನ್ಸೋನ್ ಕಡೆಗೆ ಹೋಗುವ ಲಾರಿ, ಪ್ರವಾಸಿ ಬಸ್ಸು, ಕ್ಯಾಂಪರ್ ವ್ಯಾನ್ ಎಲ್ಲಕ್ಕೂ ರೊಮಾಂಶ್ ನದಿಯ ಕಣಿವೆಯಲ್ಲಿ ಇದೇ ದಾರಿ. ಬೂರ್ ದ್ವಾಜಾನ್ ದಾಟಿ ಲೆ ಫ್ರೆನೆ ಕಡೆಗೆ ಹೋಗುವಾಗ ಇದು ಇಕ್ಕಟ್ಟಾದ ಕಮರಿಯೊಳಗೆ, ಸುರಂಗಗಳೊಳಗೆ ನುಗ್ಗುತ್ತದೆ. ಅಲ್ಲಿ ಏರಿನಲ್ಲಿ ಗಂಟೆಗೆ 12 ಕಿ.ಮೀ. ಹೋಗುತ್ತಿರುವ ಸೈಕಲ್ಲಿಗೆ ಸರಿದು ನಿಲ್ಲಲೂ ಜಾಗ ಸಿಗುವುದಿಲ್ಲ. ಅಷ್ಟು ದೂರವನ್ನು ಪೂರ್ತಿ ಬಿಟ್ಟು ಹೋಗಬಹುದು, ಹೇಗೆಂದು ಮುಂದೆ ಹೇಳುತ್ತೇನೆ.

ಈಗ ಆ "ಒಂದೇ ದಾರಿ" ವಿಷಯ. ಎಲ್ಲರ ತಲೆಯಲ್ಲಿರುವುದು ಡಿ 211. 13.8 ಕಿ.ಮೀ., ಸರಾಸರಿ ಏರು ಶೇ. 8.1. ಕೆಳಗಿನ ತಿರುವಿಗೆ 21ನೇ ಸಂಖ್ಯೆ, ಮೇಲೆ ಹೋದಂತೆ ಎಣಿಕೆ ಇಳಿಯುತ್ತದೆ. 1952ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಮೊದಲ ಸಲ ಇಲ್ಲಿಗೆ ಬಂದಾಗ ಗೆದ್ದದ್ದು ಇಟಲಿಯ ಫೌಸ್ತೊ ಕೊಪ್ಪಿ. ಆಮೇಲೆ ಟಿವಿಯಲ್ಲಿ ಜಗತ್ತು ಮತ್ತೆ ಮತ್ತೆ ನೋಡಿದ್ದು ಇದೊಂದೇ ರಸ್ತೆಯನ್ನು. ಊರಿನ ಫಲಕಗಳು ಇದಕ್ಕೇ ಕೈ ತೋರಿಸುತ್ತವೆ. ಮೊಬೈಲಿನಲ್ಲಿ ಕಾರಿನ ದಾರಿ ಕೇಳಿದರೂ ಇದೇ ಬರುತ್ತದೆ. ಹೀಗೆ ಕಾರಿಗೆ ಅನುಕೂಲವಾದ ದಾರಿಯೇ ಇರುವ ಏಕೈಕ ದಾರಿ ಎಂಬ ಮಾತು ಬೇರೂರಿದೆ. ನಕ್ಷೆ ಬಿಡಿಸಿ ನೋಡಿ. ಆ ಬೆಟ್ಟಕ್ಕೆ ಡಾಂಬರು ರಸ್ತೆಗಳು ಇನ್ನೂ ಇವೆ.

ಪಶ್ಚಿಮದಿಂದ ಒಂದು. ಅಲೆಮೋನ್‌ನಿಂದ ವಿಲಾರ್ ರೆಕ್ಯುಲಾ ಎಂಬ ಪುಟ್ಟ ಹಳ್ಳಿಗೆ ಹತ್ತುವ ರಸ್ತೆ ಸುಮಾರು 8–9 ಕಿ.ಮೀ., ಏರು ಶೇ. 8ರ ಆಸುಪಾಸು. ಹಳ್ಳಿಯಿಂದ ಮುಂದೆ ಡಿ 211ಬಿ ಬೆಟ್ಟದ ಮೈಗೆ ಅಂಟಿಕೊಂಡೇ ಸಾಗಿ, 1,542 ಮೀಟರ್ ಎತ್ತರದ ಪಾ ದ ಲಾ ಕೊನ್ಫೆಸ್ಯೊನ್ ದಾಟಿ, ಯುಯೆಜ್ ಹಳ್ಳಿಯಲ್ಲಿ 21 ತಿರುವಿನ ರಸ್ತೆಯನ್ನು ಸೇರುತ್ತದೆ. ಅಲ್ಲಿಂದ ತುದಿಗೆ ಸುಮಾರು 4 ಕಿ.ಮೀ. ಮಾತ್ರ ಕಾರುಗಳ ಜೊತೆ. ಬೂರ್ ದ್ವಾಜಾನ್‌ನ ಬಯಲು ಇಡಿಯಾಗಿ ಕಾಲ ಕೆಳಗೆ ಕಾಣುವುದು ಈ ರಸ್ತೆಯಿಂದ. ಪ್ರಸಿದ್ಧ ರಸ್ತೆಯಿಂದ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಪೂರ್ವದಿಂದ ಇನ್ನೊಂದು, ಕೋಲ್ ದ ಸಾರೆನ್ (ಕೋಲ್ ಅಂದರೆ ಎರಡು ಬೆಟ್ಟಗಳ ನಡುವಿನ ಘಾಟಿ), 1,999 ಮೀಟರ್. ಶಾಂಬೋನ್ ಅಣೆಕಟ್ಟೆಯ ಬಳಿಯಿಂದ ಮಿಜೋಯೆನ್, ಕ್ಲಾವಾನ್ ಹಳ್ಳಿಗಳ ಮೂಲಕ ಸುಮಾರು 13 ಕಿ.ಮೀ. ಹತ್ತಬೇಕು. ಏರುವ ಎತ್ತರ 950 ಮೀಟರಿನಷ್ಟು, ಅಂದರೆ ನಂದಿ ಬೆಟ್ಟದ ಏರಿನ ಎರಡು ಪಟ್ಟು. ನಡುವೆ ಸ್ವಲ್ಪ ಸಪಾಟು ಸಿಗುತ್ತದೆ, ಆ ಸಾಲವನ್ನು ಕೊನೆಯ 3 ಕಿ.ಮೀ. ಶೇ. 9–10ರ ಏರಿನಲ್ಲಿ ವಸೂಲಿ ಮಾಡುತ್ತದೆ. ಘಾಟಿಯ ತುದಿ ದಾಟಿದ ಮೇಲೆ ಆಲ್ಪ್ ದ್ಯುಯೆಜ್‌ಗೆ ಹಿಂಬಾಗಿಲಿನಿಂದ ಇಳಿದು ಸೇರುತ್ತೀರಿ, ಆ 21ರಲ್ಲಿ ಒಂದು ತಿರುವನ್ನೂ ಮುಟ್ಟದೆ. ಇದು ಗುಟ್ಟಿನ ರಸ್ತೆಯೇನೂ ಅಲ್ಲ. 2013ರಲ್ಲಿ ಟೂರ್ ಒಂದೇ ದಿನ ಆಲ್ಪ್ ದ್ಯುಯೆಜ್‌ಗೆ ಎರಡು ಸಲ ಹತ್ತಿದಾಗ ನಡುವೆ ಇಳಿದದ್ದು ಇದೇ ಸಾರೆನ್‌ನಿಂದ. ಅದನ್ನು ಟಿವಿಯಲ್ಲಿ ನೋಡಿದವರೂ "ಒಂದೇ ದಾರಿ" ಅನ್ನುವುದು ನನಗೆ ಅರ್ಥವಾಗುವುದಿಲ್ಲ.

ಮೂರನೆಯದು ಈ ಎರಡನ್ನೂ ಒಂದು ಸುತ್ತಿಗೆ ಹೆಣೆಯುವ ದಾರಿ, ಡಿ 211ಎ. ಬೂರ್ ದ್ವಾಜಾನ್‌ನಿಂದ 21 ತಿರುವಿನ ರಸ್ತೆಯಲ್ಲೇ ಹೊರಟು, 16ನೇ ತಿರುವಿನ ಲಾ ಗಾರ್ದ್‌ನಲ್ಲಿ ಬಲಕ್ಕೆ ತಿರುಗಿ. ಶೇ. 10ರ ಆಚೀಚೆ ಇರುವ ಆ ಮೊದಲ ಭಾಗವೇ ಇಡೀ ಏರಿನಲ್ಲಿ ಅತಿ ಕಡಿದು, ಅದನ್ನು ನಿಧಾನವಾಗಿ ಮುಗಿಸಿ. ಬಲಕ್ಕೆ ತಿರುಗಿದ ಸ್ವಲ್ಪ ಹೊತ್ತಿನಲ್ಲೇ ಮೋಟಾರಿನ ಸದ್ದು ಹಿಂದೆ ಉಳಿಯುತ್ತದೆ. ಆರ್ಮಾಂತಿಯೇ ದಾಟಿದ ಮೇಲೆ ರಸ್ತೆ ಬಂಡೆಯ ಮುಖದಲ್ಲಿ ಕೊರೆದ ಅಟ್ಟದಂತೆ ಸಾಗುತ್ತದೆ. ಅಂಚಿನಲ್ಲಿ ಮೊಣಕಾಲೆತ್ತರದ ಕಲ್ಲುಕಟ್ಟೆ, ಅದರಾಚೆ ನೂರಾರು ಮೀಟರ್ ಕೆಳಗೆ ರೊಮಾಂಶ್ ಮತ್ತು ನೀವು ತಪ್ಪಿಸಿದ ಡಿ 1091. ತಲೆ ಸುತ್ತುವವರು ಕಟ್ಟೆಯ ಪಕ್ಕದಲ್ಲಿ ನಿಲ್ಲಬೇಡಿ, ಬಂಡೆಯ ಕಡೆ ನಿಲ್ಲಿ. ಓರಿಸ್ ಕಡೆಯಿಂದ ಇಳಿದರೆ ಲೆ ಫ್ರೆನೆ. ಕಮರಿ, ಅದರ ಸುರಂಗಗಳು ಎಲ್ಲ ತಪ್ಪಿದವು. ಅಲ್ಲಿಂದ ಅಣೆಕಟ್ಟೆಯವರೆಗೆ ಎರಡು ಮೂರು ಕಿ.ಮೀ. ಮಾತ್ರ ಡಿ 1091 ಸಹಿಸಿಕೊಳ್ಳಬೇಕು.

ಎಲ್ಲ ಜೋಡಿಸಿದರೆ ಬೂರ್ ದ್ವಾಜಾನ್, ಲಾ ಗಾರ್ದ್, ಓರಿಸ್, ಲೆ ಫ್ರೆನೆ, ಶಾಂಬೋನ್, ಸಾರೆನ್, ಆಲ್ಪ್ ದ್ಯುಯೆಜ್, ಯುಯೆಜ್, ವಿಲಾರ್ ರೆಕ್ಯುಲಾ, ಅಲೆಮೋನ್, ವಾಪಸ್ ಬೂರ್ ದ್ವಾಜಾನ್. ಸುಮಾರು 70 ಕಿ.ಮೀ., ಏರು 2,000 ಮೀಟರ್ ಹತ್ತಿರ. ಇದನ್ನು ಇದೇ ದಿಕ್ಕಿನಲ್ಲಿ ಸುತ್ತಿ. ಸಾರೆನ್‌ನ ಪೂರ್ವದ ಇಳಿಜಾರು ಕಿರಿದು, ಒರಟು, ರಸ್ತೆಗೆ ಅಡ್ಡಲಾಗಿ ನೀರು ಹರಿಯುವ ಕಾಲುವೆಗಳಿವೆ. ಹತ್ತುವಾಗ ಅವು ಲೆಕ್ಕಕ್ಕಿಲ್ಲ, ಇಳಿಯುವಾಗ ಟ್ಯೂಬ್ ಒಡೆಯುವುದೇ ಅವುಗಳ ಮೇಲೆ. ಅಲೆಮೋನ್‌ನಿಂದ ಮರಳುವಾಗ ರೋಷ್ತಾಯೆಯ ನಂತರದ ಕೊನೆಯ ಸಪಾಟು ಭಾಗ ಮತ್ತೆ ಡಿ 1091. ಅದು ಬೇಡವೆಂದರೆ ಯುಯೆಜ್‌ನಿಂದ ನೇರ 21 ತಿರುವುಗಳನ್ನೇ ಇಳಿಯಿರಿ. ಇಳಿಯುವಾಗ ನಿಮ್ಮ ವೇಗವೂ ಕಾರಿನ ವೇಗವೂ ಹತ್ತಿರ ಹತ್ತಿರ, ಹಿಂದಿನಿಂದ ಒತ್ತಿಕೊಂಡು ದಾಟುವವರು ಕಡಿಮೆ. ಶನಿವಾರ ಮಾತ್ರ ಬೇಡ. ರಜೆಯ ಮನೆಗಳ ವಾರದ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ, ಆ ದಿನ ಬಿಟ್ಟು ಹೋಗುವವರೂ ಬರುವವರೂ ಅದೇ ರಸ್ತೆಯಲ್ಲಿ ಇರುತ್ತಾರೆ.

ನಸುಕಿನಲ್ಲಿ ಹೊರಟರೆ ಡಿ 211 ಖಾಲಿ ಇರುತ್ತದೆ, ನಿಜ. ಬೇಗ ಹೊರಡಿ, ಆದರೆ ಕಾರಿಗೆ ಹೆದರಿ ಅಲ್ಲ, ಆಕಾಶ ನೋಡಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಕಟ್ಟುವುದು ಸಾಮಾನ್ಯ. ಸಾರೆನ್‌ನ ತುದಿಯನ್ನು 12 ಗಂಟೆಯೊಳಗೆ ದಾಟಿರಬೇಕು.

ಸಾರೆನ್‌ನಲ್ಲಿ ಇನ್ನೊಂದು ಎಚ್ಚರ. ಬೇಸಿಗೆಯಲ್ಲಿ ಕುರಿಮಂದೆ ಮೇಯುತ್ತಿದ್ದರೆ ಜೊತೆಯಲ್ಲಿ ದೊಡ್ಡ ಬಿಳಿ ಕಾವಲು ನಾಯಿಗಳಿರುತ್ತವೆ. ಜೋರಾಗಿ ತುಳಿದು ಪಾರಾಗಲು ಹೋಗಬೇಡಿ, ಅದೇ ಅವುಗಳನ್ನು ಕೆರಳಿಸುವುದು. ಇಳಿಯಿರಿ, ಸೈಕಲ್ ನಿಮ್ಮ ಮತ್ತು ನಾಯಿಯ ನಡುವೆ ಇರಲಿ, ಮಂದೆಯನ್ನು ದೂರದಿಂದ ಬಳಸಿ ನಡೆಯಿರಿ.

ಉಳಿದ ದಿನಗಳಿಗೆ: ಕೋಲ್ ದೋರ್ನೋನ್ (1,371 ಮೀ.) ಸುಲಭದ ದಿನಕ್ಕೆ, ಲಾ ಪೋತ್‌ನಿಂದ 11 ಕಿ.ಮೀ., ಸರಾಸರಿ ಶೇ. 6. ವಿಲಾರ್ ನೋತ್ರ್ ದಾಮ್ ಗಟ್ಟಿ ದಿನಕ್ಕೆ, ಬೂರ್ ದ್ವಾಜಾನ್‌ನಿಂದ ಸುಮಾರು 9 ಕಿ.ಮೀ. ಕಡಿದಾದ ಏರು. ಅದರ ಸುರಂಗಗಳಲ್ಲಿ ದೀಪವಿಲ್ಲ, ಒಳಗಿನ ರಸ್ತೆ ಒರಟು. ಮುಂದಿನ ದೀಪ ದಾರಿ ಬೆಳಗುವಷ್ಟು ಪ್ರಖರವಾಗಿರಬೇಕು, ಕಪ್ಪು ಕನ್ನಡಕವನ್ನು ಸುರಂಗದ ಬಾಯಲ್ಲೇ ತೆಗೆಯಬೇಕು. ಡಾಂಬರು ಹಳ್ಳಿಯಲ್ಲಿ ಮುಗಿಯುತ್ತದೆ. ಅಲ್ಲಿಂದ ವಿಲಾರ್ ರೇಮೋನ್‌ಗೆ ಇರುವುದು ಕಚ್ಚಾ ದಾರಿ, ರೋಡ್ ಟೈರಿಗೆ ಅಲ್ಲ. ಲಾ ಬೇರಾರ್ದ್ ಕಡೆಯ ರಸ್ತೆ ಹಳೆಯ ಪಟ್ಟಿಗಳಲ್ಲೆಲ್ಲ ಇರುತ್ತದೆ, ಆದರೆ 2024ರ ಜೂನ್ ಪ್ರವಾಹ ಆ ಊರನ್ನೇ ಕೊಚ್ಚಿತು. ಎಲ್ಲಿಯವರೆಗೆ ಬಿಡುತ್ತಾರೆಂದು ಬೂರ್ ದ್ವಾಜಾನ್‌ನ ಪ್ರವಾಸಿ ಕಚೇರಿಯಲ್ಲಿ ಕೇಳದೆ ಹೊರಡಬೇಡಿ. ಬಂಡೆಯಂಚಿನ ರಸ್ತೆಗಳ ವಿಷಯದಲ್ಲೂ, ಮಳೆ ಬಂದ ಮರುದಿನ, ಇದೇ ನಿಯಮ.

ಗೇರು: ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ ಕನಿಷ್ಠ 32. ಟೈರು 28 ಮಿ.ಮೀ. ಬೇಸಿಗೆಯಲ್ಲಿ ಹಳ್ಳಿ ರಸ್ತೆಗಳಿಗೆ ಟಾರು ಸುರಿದು ಮೇಲೆ ಸಣ್ಣ ಜಲ್ಲಿ ಹರಡುತ್ತಾರೆ, ವಾಹನಗಳೇ ಅದನ್ನು ತುಳಿದು ಕೂರಿಸಲಿ ಎಂದು. ಅಂಥ ತಿರುವಿನಲ್ಲಿ ಸೈಕಲ್ ವಾಲಿಸಿದರೆ ಬಿದ್ದಿರಿ ಎಂದೇ ಲೆಕ್ಕ. ಕ್ಲಾವಾನ್‌ನಲ್ಲಿ ಎರಡೂ ಬಾಟಲಿ ತುಂಬಿಸಿಕೊಳ್ಳಿ, ಸಾರೆನ್ ತುದಿಯವರೆಗೆ ನೀರನ್ನು ನಂಬಿಕೊಳ್ಳಬೇಡಿ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ವಿಷಯ ಬ್ರೇಕಿನದು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಮುಂದಿನ ಚಕ್ರದ ಬ್ರೇಕು, ಎಡಗೈ ಹಿಂದಿನದು. ಫ್ರಾನ್ಸಿನ ಬಾಡಿಗೆ ಸೈಕಲ್ಲಿನಲ್ಲಿ ಇದು ತಿರುಗುಮುರುಗು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಓಡಿಸಿದ ಕೈ ಯೋಚಿಸಿ ಹಿಡಿಯುವುದಿಲ್ಲ. ಜಲ್ಲಿ ಕಂಡು ಗಾಬರಿಯಾದಾಗ ಹಿಂದಿನದೆಂದುಕೊಂಡು ಎಡಗೈ ಒತ್ತುತ್ತೀರಿ, ಮುಂದಿನ ಚಕ್ರ ಜಾರುತ್ತದೆ. ಬಲಬದಿಯ ಸಂಚಾರ ಅರ್ಧ ದಿನದಲ್ಲಿ ರೂಢಿಯಾಗುತ್ತದೆ, ಬ್ರೇಕು ಆಗುವುದಿಲ್ಲ. ಕೇಬಲ್ ಬ್ರೇಕಾದರೆ ಅದಲುಬದಲು ಮಾಡಿಕೊಡುವುದು ಮೆಕ್ಯಾನಿಕ್‌ಗೆ ಸಣ್ಣ ಕೆಲಸ. ಹೈಡ್ರಾಲಿಕ್ ಡಿಸ್ಕ್ ಆದರೆ ಪೈಪು ಬಿಚ್ಚಿ ಜೋಡಿಸಿ ಎಣ್ಣೆಯಲ್ಲಿನ ಗಾಳಿ ತೆಗೆಯಬೇಕು, ಜುಲೈನ ಬೆಳಗ್ಗೆ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದರೆ ಆಗದು. ಬುಕ್ ಮಾಡುವಾಗಲೇ, ಮುಂದಿನ ಬ್ರೇಕು ಬಲಗೈಗೆ ಬೇಕೆಂದು ಬರೆದು ತಿಳಿಸಿ. ಆಗುವುದಿಲ್ಲ ಎಂದರೆ ಮೊದಲ ದಿನ ಓರ್ನೋನ್‌ಗೆ ಹೋಗಿ, ಇಳಿಯುವಾಗ ನೇರ ರಸ್ತೆಯ ಭಾಗಗಳಲ್ಲಿ ಬೇಕೆಂದೇ ಒಂದೊಂದೇ ಲಿವರ್ ಹಿಡಿದು ಕೈಗೆ ಕಲಿಸಿ. ಸಾರೆನ್ ಎರಡನೆಯ ದಿನಕ್ಕೆ ಇರಲಿ.