ಅಮೆರಿಕದ ಸಂಪ್ರದಾಯವಾದ ಮತ್ತು ಕ್ರೈಸ್ತ ನಂಬಿಕೆ: ಶಾಲೆಯ ಕಡೆಯಿಂದ ಓದಿದ ಟಿಪ್ಪಣಿ

ತೌಲನಿಕ ರಾಜಕಾರಣದ ಪತ್ರಿಕೆಗೆ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓದಿದ್ದು ಬಿಸಿಯಾಗಿರುವಾಗಲೇ ಬರೆದಿಟ್ಟರೆ ನನ್ನ ತಲೆಯಲ್ಲೂ ಗಟ್ಟಿಯಾಗಿ ಕೂರುತ್ತದೆ. ಅಧ್ಯಕ್ಷೀಯ ಪದ್ಧತಿ, ಎರಡು ಪಕ್ಷ, ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಇವೆಲ್ಲ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತೇನೆ.

ಗೈಡುಗಳಲ್ಲಿ ಸಿಗುವ ಉತ್ತರ ಹೀಗಿರುತ್ತದೆ: 1973ರಲ್ಲಿ ರೋ ವರ್ಸಸ್ ವೇಡ್ ತೀರ್ಪು ಬಂತು, ಗರ್ಭಪಾತ ಹಕ್ಕಾಯಿತು, ಕ್ರೈಸ್ತರು ಕೆರಳಿದರು, 1979ರಲ್ಲಿ ಮಾರಲ್ ಮೆಜಾರಿಟಿ ಸಂಘಟನೆ ಹುಟ್ಟಿತು, 1980ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ರೇಗನ್ ಗೆದ್ದರು. ಇಸವಿಗಳೆಲ್ಲ ಸರಿ. ಆದರೆ ಕೆರಳಿದವರು ಸಂಘಟನೆ ಕಟ್ಟಲು ಆರು ವರ್ಷ ಯಾಕೆ ಕಾದರು? ಈ ಪ್ರಶ್ನೆ ಹಿಡಿದು ಹೋದರೆ ದಾರಿ ಆಸ್ಪತ್ರೆಯ ಬದಲು ಶಾಲೆಯ ಕಡೆ ತಿರುಗುತ್ತದೆ. ನನ್ನ ಟಿಪ್ಪಣಿಯ ಮುಕ್ಕಾಲು ಪಾಲು ಅಲ್ಲೇ ಇದೆ.

ಮೊದಲು ಎರಡು ಧಾರೆಗಳನ್ನು ಬೇರ್ಪಡಿಸಿಕೊಳ್ಳಿ

ಸಂಪ್ರದಾಯವಾದ ಎಂದು ನಾವು ಕರೆಯುವುದಕ್ಕೆ ಅಮೆರಿಕದಲ್ಲಿ ಸ್ಪಷ್ಟ ರೂಪ ಕೊಟ್ಟವರು ರಸೆಲ್ ಕರ್ಕ್. 1953ರ ಅವರ ಗ್ರಂಥ 18ನೇ ಶತಮಾನದ ಬ್ರಿಟಿಷ್ ಚಿಂತಕ ಎಡ್ಮಂಡ್ ಬರ್ಕ್‌ನಿಂದ ಶುರುವಾಗುತ್ತದೆ. ಸಮಾಜಕ್ಕೆ ಮೇಲ್ಪಟ್ಟ ಒಂದು ನೈತಿಕ ವ್ಯವಸ್ಥೆ ಇದೆ ಎಂಬ ನಂಬಿಕೆ ಅವರ ಸೂತ್ರಗಳಲ್ಲಿ ಮೊದಲನೆಯದು. ರೂಢಿ, ವಿವೇಕ, ಕುಟುಂಬ, ಊರು, ಚರ್ಚು ಇವು ಮನುಷ್ಯನನ್ನು ಹಿಡಿದಿಡುತ್ತವೆ. ಹಾಳೆಯ ಮೇಲೆ ಬರೆದ ಸಿದ್ಧಾಂತದಿಂದ ಸಮಾಜವನ್ನು ಹೊಸದಾಗಿ ಕಟ್ಟಲು ಹೊರಟರೆ ಅನಾಹುತ ಎಂಬುದು ಅವರ ನಿಲುವು. ಮಿಷಿಗನ್‌ನ ಮೆಕೋಸ್ಟಾ ಎಂಬ ಸಣ್ಣ ಹಳ್ಳಿಯಲ್ಲಿ ಬದುಕಿದ ಕರ್ಕ್ 1964ರಲ್ಲಿ ಕ್ಯಾಥೊಲಿಕ್ ಆದರು. ಅವರಿಗೆ ಧರ್ಮ ಎಂದರೆ ನಾಗರಿಕತೆಯ ಬೇರು. ಅದನ್ನು ಚುನಾವಣಾ ಪ್ರಣಾಳಿಕೆಯಾಗಿ ನೋಡುವ ಮನಸ್ಸು ಅವರದಲ್ಲ.

1955ರಲ್ಲಿ ವಿಲಿಯಂ ಬಕ್ಲಿ ನ್ಯಾಷನಲ್ ರಿವ್ಯೂ ಪತ್ರಿಕೆ ಶುರು ಮಾಡಿದರು. ಅವರೂ ಕ್ಯಾಥೊಲಿಕ್. ಅದೇ ಪತ್ರಿಕೆಯ ಫ್ರಾಂಕ್ ಮೇಯರ್ ಮುಕ್ತ ಮಾರುಕಟ್ಟೆ, ಸಂಪ್ರದಾಯ, ಕಮ್ಯುನಿಸಂ ವಿರೋಧ ಮೂರನ್ನೂ ಒಂದೇ ನೂಲಿನಲ್ಲಿ ಪೋಣಿಸಿದರು. ಇದಕ್ಕೆ ಫ್ಯೂಷನಿಸಂ ಎನ್ನುತ್ತಾರೆ. ಈ ಜೋಡಣೆ ಕರ್ಕ್ ಅವರಿಗೆ ಹಿಡಿಸಲಿಲ್ಲ. ಮಾರುಕಟ್ಟೆಯ ವ್ಯಕ್ತಿವಾದ ಊರನ್ನೂ ಕುಟುಂಬವನ್ನೂ ಸಡಿಲಗೊಳಿಸುತ್ತದೆ ಎಂಬ ಅನುಮಾನ ಅವರಿಗಿತ್ತು. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಈ ಚಿತ್ರದಲ್ಲಿ ಯಾರು ಇಲ್ಲ ಎಂದು ಗಮನಿಸಿ. ದಕ್ಷಿಣದ ಬ್ಯಾಪ್ಟಿಸ್ಟರು, ಟಿವಿ ಬೋಧಕರು, ಬೈಬಲ್‌ಗೂ ವೈಯಕ್ತಿಕ ನಂಬಿಕೆಗೂ ಒತ್ತು ಕೊಡುವ 'ಮರುಹುಟ್ಟು ಪಡೆದ' ಪ್ರೊಟೆಸ್ಟಂಟರಾದ ಇವ್ಯಾಂಜೆಲಿಕಲ್‌ಗಳು ಇಲ್ಲ. ಇವರಲ್ಲಿ ಬಹಳಷ್ಟು ಮಂದಿ ಆಗ ಡೆಮಾಕ್ರಟಿಕ್ ಮತದಾರರು, ಕ್ಯಾಥೊಲಿಕರ ಬಗ್ಗೆ ಅಪನಂಬಿಕೆ ಇದ್ದವರು. 1960ರ ಸೆಪ್ಟೆಂಬರ್ 12ರಂದು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಕ್ಯಾಥೊಲಿಕ್ ಜಾನ್ ಕೆನಡಿ ಹ್ಯೂಸ್ಟನ್‌ನಲ್ಲಿ ಪ್ರೊಟೆಸ್ಟಂಟ್ ಪಾದ್ರಿಗಳ ಮುಂದೆ ನಿಂತು, ಚರ್ಚು ಮತ್ತು ಪ್ರಭುತ್ವ ಬೇರೆಬೇರೆ ಇರಬೇಕೆಂದು ನಂಬುತ್ತೇನೆ ಎಂದು ಹೇಳಬೇಕಾಗಿ ಬಂದದ್ದು ಇದೇ ಅಪನಂಬಿಕೆಯಿಂದ. ಹಾಗಿದ್ದವರು ಇಪ್ಪತ್ತೇ ವರ್ಷದಲ್ಲಿ ಕ್ಯಾಥೊಲಿಕ್ ಚಿಂತಕರ ಜೊತೆ ಒಂದೇ ವೇದಿಕೆ ಹತ್ತಿದರು. ಹೇಗೆ ಎಂಬುದೇ ಪ್ರಶ್ನೆ.

ಮೊದಲ ತಿದ್ದುಪಡಿ, ಬೇಗಬೇಗ

ಅಮೆರಿಕ ಸಂವಿಧಾನದ ಈ ತಿದ್ದುಪಡಿಯಲ್ಲಿ ಧರ್ಮದ ಬಗ್ಗೆ ಎರಡು ಮಾತಿವೆ: ಸರ್ಕಾರ ಧರ್ಮವನ್ನು ಸ್ಥಾಪಿಸಬಾರದು, ಧರ್ಮಾಚರಣೆಗೆ ಅಡ್ಡಿ ಮಾಡಬಾರದು. ನಮ್ಮಲ್ಲಿ ಮುಜರಾಯಿ ಇಲಾಖೆ ದೇವಸ್ಥಾನದ ಹುಂಡಿ ಎಣಿಸುವುದು ಸಹಜ ಎನಿಸುತ್ತದೆ. ಅಮೆರಿಕದಲ್ಲಿ ಚರ್ಚಿನ ಆಡಳಿತಕ್ಕೆ ಅಂಥದ್ದೊಂದು ಸರ್ಕಾರಿ ಇಲಾಖೆ ಊಹೆಗೂ ನಿಲುಕದು. ನಮ್ಮ ಸಂವಿಧಾನದ 25ರಿಂದ 28ನೇ ವಿಧಿಗಳ ಚೌಕಟ್ಟನ್ನು ಇಲ್ಲಿಗೆ ಎಳೆದು ತರಬೇಡಿ.

1962ರ ಎಂಗಲ್ ವರ್ಸಸ್ ವಿಟಾಲೆ ಪ್ರಕರಣದಲ್ಲಿ ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿಯೇ ಬರೆದಿದ್ದ 22 ಪದಗಳ ಪ್ರಾರ್ಥನೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. 1963ರಲ್ಲಿ ಸರ್ಕಾರಿ ಶಾಲೆಯ ಬೈಬಲ್ ಪಠಣವೂ ನಿಂತಿತು. ಮಗುವೊಂದು ತನ್ನಷ್ಟಕ್ಕೆ ಪ್ರಾರ್ಥಿಸುವುದನ್ನು ಯಾರೂ ನಿಷೇಧಿಸಲಿಲ್ಲ; ಸರ್ಕಾರ ಪ್ರಾರ್ಥನೆ ನಡೆಸಬಾರದು ಎಂದಷ್ಟೇ ತೀರ್ಪು. ಆದರೂ 'ದೇವರನ್ನು ಶಾಲೆಯಿಂದ ಹೊರಹಾಕಿದರು' ಎಂಬ ಮಾತು ಆಗ ಹುಟ್ಟಿತು, ಇವತ್ತಿಗೂ ಸವೆದಿಲ್ಲ.

ತೆರಿಗೆ ವಿನಾಯಿತಿ: ಇಲ್ಲಿ ನಿಧಾನವಾಗಿ ಓದಿ

ನನಗೆ ಅತಿ ಹೆಚ್ಚು ಹೊತ್ತು ಹಿಡಿದ ಭಾಗ ಇದು. ಒಂದು ತೆರಿಗೆ ನಿಯಮ ಧರ್ಮಸ್ವಾತಂತ್ರ್ಯದ ಯುದ್ಧವಾದದ್ದು ಹೇಗೆ?

1954ರ ಬ್ರೌನ್ ತೀರ್ಪು ಶಾಲೆಗಳಲ್ಲಿನ ವರ್ಣಭೇದವನ್ನು ಅಸಾಂವಿಧಾನಿಕ ಎಂದಿತು. ದಕ್ಷಿಣದ ರಾಜ್ಯಗಳು ವರ್ಷಗಟ್ಟಲೆ ಎಳೆದಾಡಿದವು. ಕೊನೆಗೆ ಕೋರ್ಟುಗಳು ಪಟ್ಟು ಹಿಡಿದಾಗ ಬಿಳಿಯ ಪೋಷಕರು ಮಕ್ಕಳನ್ನು ಖಾಸಗಿ ಶಾಲೆಗಳಿಗೆ ಸಾಗಿಸಿದರು. ಮಿಸಿಸಿಪ್ಪಿಯ ಹೋಮ್ಸ್ ಕೌಂಟಿಯನ್ನೇ ನೋಡಿ: ಸರ್ಕಾರಿ ಶಾಲೆಗಳಲ್ಲಿ 771 ಇದ್ದ ಬಿಳಿಯ ಮಕ್ಕಳ ಸಂಖ್ಯೆ ಮೊದಲ ವರ್ಷ 28ಕ್ಕೆ ಇಳಿಯಿತು, ಮರುವರ್ಷ ಸೊನ್ನೆ. ಹೊಸ ಖಾಸಗಿ ಶಾಲೆಗಳಿಗೆ ತೆರಿಗೆ ವಿನಾಯಿತಿ ಸಿಗುತ್ತಿತ್ತು. ಇದನ್ನು ಪ್ರಶ್ನಿಸಿ ಅಲ್ಲಿನ ಕಪ್ಪು ಪೋಷಕರು ಕೋರ್ಟಿಗೆ ಹೋದರು.

ವಿನಾಯಿತಿ ಎಂದರೆ ಎರಡು ಲಾಭ. ಶಾಲೆ ತನ್ನ ಆದಾಯಕ್ಕೆ ತೆರಿಗೆ ಕಟ್ಟಬೇಕಿಲ್ಲ, ಇದು ಒಂದು. ಶಾಲೆಗೆ ದಾನ ಕೊಟ್ಟವರು ಆ ಮೊತ್ತವನ್ನು ತಮ್ಮ ತೆರಿಗೆ ಲೆಕ್ಕದಿಂದ ಕಳೆಯಬಹುದು, ಇದು ಎರಡನೆಯದು ಮತ್ತು ದೊಡ್ಡದು. ಶೇ. 30ರ ಹಂತದಲ್ಲಿರುವ ದಾನಿ 1,000 ಡಾಲರ್ ಕೊಟ್ಟರೆ ಅವರ ತೆರಿಗೆ 300 ಡಾಲರ್ ಇಳಿಯುತ್ತದೆ. ಕೈಯಿಂದ ಹೋದದ್ದು 700, ಉಳಿದ 300 ಖಜಾನೆಯದು. ಅಂದರೆ ಕಪ್ಪು ಮಕ್ಕಳನ್ನು ಒಳಗೆ ಬಿಡದ ಶಾಲೆಗೆ ಎಲ್ಲರ ಬೊಕ್ಕಸದಿಂದ ದುಡ್ಡು ಹೋಗುತ್ತಿತ್ತು. ಆ ಬೊಕ್ಕಸ ತುಂಬಿಸುವವರಲ್ಲಿ ಅದೇ ಮಕ್ಕಳ ತಂದೆತಾಯಿಯರೂ ಇದ್ದರು. ಈ 300 ಡಾಲರ್ ಅರ್ಥವಾದರೆ ಪ್ರಕರಣ ಅರ್ಥವಾದಂತೆ.

1971ರ ಗ್ರೀನ್ ವರ್ಸಸ್ ಕಾನಲಿ ತೀರ್ಪಿನ ತರ್ಕ ಹೀಗೆ ನಡೆಯುತ್ತದೆ. ವಿನಾಯಿತಿ ಸಿಗುವುದು ಧರ್ಮಾರ್ಥ ಸಂಸ್ಥೆಗೆ, ಅಂದರೆ ಜನಹಿತಕ್ಕೆ ನಡೆಯುವ ದತ್ತಿ ಸಂಸ್ಥೆಗೆ. ಹಳೆಯ ಕಾಲದಿಂದ ಬಂದ ನ್ಯಾಯತತ್ವದ ಪ್ರಕಾರ ಸಾರ್ವಜನಿಕ ನೀತಿಗೆ ವಿರುದ್ಧವಾದದ್ದು ಧರ್ಮಾರ್ಥ ಎನಿಸಿಕೊಳ್ಳದು. ವರ್ಣಭೇದ ಈಗ ರಾಷ್ಟ್ರೀಯ ನೀತಿಗೆ ವಿರುದ್ಧ. ಹಾಗಾಗಿ ಭೇದ ಮಾಡುವ ಶಾಲೆ ಧರ್ಮಾರ್ಥ ಸಂಸ್ಥೆಯೇ ಅಲ್ಲ. ಇದು ದಂಡ ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಕೋರ್ಟಿನ ದೃಷ್ಟಿಯಲ್ಲಿ ಆ ಶಾಲೆಗೆ ಅರ್ಹತೆ ಮೊದಲೇ ಇರಲಿಲ್ಲ.

ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿರುವ ಬಾಬ್ ಜೋನ್ಸ್ ವಿಶ್ವವಿದ್ಯಾಲಯ 1971ರವರೆಗೆ ಕಪ್ಪು ವಿದ್ಯಾರ್ಥಿಗಳನ್ನೇ ಸೇರಿಸುತ್ತಿರಲಿಲ್ಲ. ಆಮೇಲೆ ಸೇರಿಸಿದರೂ ಅಂತರ್‌ವರ್ಣೀಯ ಪ್ರೇಮ ಮತ್ತು ಮದುವೆಯನ್ನು ನಿಷೇಧಿಸಿತ್ತು, ಇದು ಬೈಬಲ್‌ನ ಆಜ್ಞೆ ಎನ್ನುತ್ತಿತ್ತು. 1976ರಲ್ಲಿ ತೆರಿಗೆ ಇಲಾಖೆ ಅದರ ವಿನಾಯಿತಿ ಕಿತ್ತುಕೊಂಡಿತು. ಇಲ್ಲಿಗೆ ತೆರಿಗೆ ಪ್ರಶ್ನೆ ನಂಬಿಕೆಯ ಪ್ರಶ್ನೆಯಾಗಿ ಮಗ್ಗುಲು ಬದಲಿಸಿತು.

ನಿಜವಾದ ಸ್ಫೋಟ 1978ರದ್ದು. ತೆರಿಗೆ ಇಲಾಖೆಯ ಮುಖ್ಯಸ್ಥ ಜೆರೋಮ್ ಕರ್ಟ್ಜ್ ಹೊಸ ಕರಡು ನಿಯಮ ತಂದರು. ಊರಿನ ಸರ್ಕಾರಿ ಶಾಲೆಗಳಲ್ಲಿ ವರ್ಣಭೇದ ತೆಗೆದ ಕಾಲದಲ್ಲೇ ಹುಟ್ಟಿದ ಅಥವಾ ಬೆಳೆದ ಖಾಸಗಿ ಶಾಲೆಯಲ್ಲಿ ಅಲ್ಪಸಂಖ್ಯಾತ ಮಕ್ಕಳು ತೀರಾ ಕಡಿಮೆ ಇದ್ದರೆ, ಅದು ಭೇದ ಮಾಡುತ್ತಿದೆ ಎಂದೇ ಭಾವಿಸಲಾಗುವುದು. 'ತೀರಾ ಕಡಿಮೆ' ಎಂದರೆ ಎಷ್ಟು? ಊರಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಅಲ್ಪಸಂಖ್ಯಾತರ ಪಾಲಿನ ಶೇ. 20ಕ್ಕಿಂತ ಕಡಿಮೆ. ಇದನ್ನು 'ಶೇ. 20 ಮೀಸಲಾತಿ' ಎಂದು ಓದಬೇಡಿ. ಶೇಕಡಾವಾರಿನ ಮೇಲೆ ಇನ್ನೊಂದು ಶೇಕಡಾವಾರು ಇದು. ಊರಿನ ಮಕ್ಕಳಲ್ಲಿ ಶೇ. 40 ಕಪ್ಪು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. 40ರ ಶೇ. 20 ಎಂದರೆ 8. ಶಾಲೆಯಲ್ಲಿ 200 ಮಕ್ಕಳಿದ್ದರೆ ಶೇ. 8 ಎಂದರೆ 16. ಹದಿನಾರು ಮಕ್ಕಳಿದ್ದರೆ ಪಾರು, ಹದಿನೈದಿದ್ದರೆ ಶಾಲೆಯೇ ತನ್ನ ಪ್ರಾಮಾಣಿಕತೆ ಸಾಬೀತು ಮಾಡಬೇಕು. ಸಂಖ್ಯೆಗಿಂತ ಮುಖ್ಯವಾದದ್ದು ಈ ಕೊನೆಯ ಮಾತು. ಅಲ್ಲಿಯವರೆಗೆ ಭೇದ ಮಾಡುವುದಿಲ್ಲ ಎಂದು ಶಾಲೆ ಘೋಷಿಸಿದರೆ ಬಹುಮಟ್ಟಿಗೆ ಸಾಕಾಗುತ್ತಿತ್ತು, ಈಗ ಸಾಬೀತಿನ ಹೊರೆ ತಿರುಗಿಬಿತ್ತು.

ಕ್ರೈಸ್ತ ಶಾಲೆಗಳವರು ಬೀದಿಗಿಳಿದರು. ನಾವು ಶಾಲೆ ತೆರೆದದ್ದು ಪ್ರಾರ್ಥನೆ ತೆಗೆದರೆಂದು, ವಿಕಾಸವಾದ ಕಲಿಸಿದರೆಂದು, ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು. ಕೆಲವು ಶಾಲೆಗಳ ಮಟ್ಟಿಗೆ ಈ ಮಾತು ನಿಜ. ಹೋಮ್ಸ್ ಕೌಂಟಿಯಂಥ ಕಡೆ ನಿಜವಲ್ಲ. ಸರ್ಕಾರಕ್ಕೆ ಲಕ್ಷಕ್ಕೂ ಹೆಚ್ಚು ಪತ್ರಗಳು ಹರಿದುಬಂದವು. 1979ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಈ ನಿಯಮ ಜಾರಿಗೆ ಹಣವೇ ಸಿಗದಂತೆ ಮಾಡಿತು. ಪತ್ರ ಚಳವಳಿ ಸಂಘಟಿಸಿದ ರಾಬರ್ಟ್ ಬಿಲ್ಲಿಂಗ್ಸ್ ಅದೇ ವರ್ಷ ಮಾರಲ್ ಮೆಜಾರಿಟಿಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕರಾದರು.

ಆ ಸಂಘಟನೆಯ ಮುಖ ಜೆರ್ರಿ ಫಾಲ್‌ವೆಲ್. ವರ್ಜೀನಿಯಾದ ಲಿಂಚ್‌ಬರ್ಗ್‌ನ ಈ ಬ್ಯಾಪ್ಟಿಸ್ಟ್ ಪಾದ್ರಿ 1965ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಚಳವಳಿ ತಾರಕದಲ್ಲಿದ್ದಾಗ, ಪಾದ್ರಿಗಳಿಗೆ ರಾಜಕೀಯ ಬೇಡ ಎಂದು ಬೋಧಿಸಿದವರು. 1967ರಲ್ಲಿ ತಾವೇ ಒಂದು ಕ್ರೈಸ್ತ ಶಾಲೆ ತೆರೆದರು. 1979ಕ್ಕೆ ರಾಷ್ಟ್ರ ರಾಜಕಾರಣಕ್ಕೆ ಧುಮುಕಿದರು. ಅವರನ್ನು ಎಳೆದು ತಂದವರಲ್ಲಿ ಪ್ರಮುಖರು ಸಂಪ್ರದಾಯವಾದಿ ಚಿಂತನಾ ಸಂಸ್ಥೆ ಹೆರಿಟೇಜ್ ಫೌಂಡೇಶನ್ ಸ್ಥಾಪಕರಲ್ಲಿ ಒಬ್ಬರಾದ ಪಾಲ್ ವೇರಿಕ್, ಒಬ್ಬ ಕ್ಯಾಥೊಲಿಕ್. ಬ್ಯಾಪ್ಟಿಸ್ಟರೂ ಕ್ಯಾಥೊಲಿಕರೂ ಒಂದೇ ಕೋಣೆಗೆ ಬಂದದ್ದು ಹೀಗೆ. ಅಧಿಕಾರದಲ್ಲಿದ್ದ ಜಿಮ್ಮಿ ಕಾರ್ಟರ್ ಸ್ವತಃ ಮರುಹುಟ್ಟು ಪಡೆದ ಬ್ಯಾಪ್ಟಿಸ್ಟ್, ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ತಮ್ಮವನ ಸರ್ಕಾರವೇ ತಮ್ಮ ಶಾಲೆಗೆ ಕೈಹಾಕಿತು ಎಂಬ ನೋವು ಸಿಟ್ಟಿಗೆ ಖಾರ ಬೆರೆಸಿತು.

1982ರ ಜನವರಿಯಲ್ಲಿ ರೇಗನ್ ಸರ್ಕಾರ ಬಾಬ್ ಜೋನ್ಸ್ ಪರ ವಾಲಿದ್ದರಿಂದ, ತೆರಿಗೆ ಇಲಾಖೆಯ ಹಿಂದಿನ ನಿಲುವನ್ನು ಸಮರ್ಥಿಸಲು ಸುಪ್ರೀಂ ಕೋರ್ಟೇ ವಿಲಿಯಂ ಕೋಲ್‌ಮನ್ ಎಂಬ ಕಪ್ಪು ವಕೀಲರನ್ನು ನೇಮಿಸಬೇಕಾಯಿತು. 1983ರಲ್ಲಿ ವಿಶ್ವವಿದ್ಯಾಲಯ 8–1ರಲ್ಲಿ ಸೋತಿತು. ಅಂತರ್‌ವರ್ಣೀಯ ಪ್ರೇಮದ ನಿಷೇಧವನ್ನು ಅದು ಬಿಟ್ಟದ್ದು 2000ದಲ್ಲಿ. ಧರ್ಮಸ್ವಾತಂತ್ರ್ಯ ಎಂಬ ಪದದ ಹಿಂದೆ ಹೋಮ್ಸ್ ಕೌಂಟಿಯ ಆ ಮಕ್ಕಳು ಮರೆಯಾಗಬಾರದು. ನಾವು ಬರೆಯುವ ಉತ್ತರದಲ್ಲಿ ಅವರಿಗೆ ಒಂದು ಸಾಲಾದರೂ ಇರಲಿ.

ಹಾಗಾದರೆ ಗರ್ಭಪಾತ?

ಅದು ನೆಪ ಎಂದು ಬರೆದರೆ ಅದೂ ತಪ್ಪು. ಕ್ಯಾಥೊಲಿಕ್ ಚರ್ಚು 1973ಕ್ಕೂ ಮೊದಲಿನಿಂದ ವಿರೋಧಿಸುತ್ತಿತ್ತು. ಬ್ಯಾಪ್ಟಿಸ್ಟರ ನಿಲುವು ಬೇರೆ ಇತ್ತು: ಅವರ ದೊಡ್ಡ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1971ರಲ್ಲಿ ಅತ್ಯಾಚಾರ, ಭ್ರೂಣದ ಗಂಭೀರ ವೈಕಲ್ಯ, ತಾಯಿಯ ದೈಹಿಕ ಮಾನಸಿಕ ಆರೋಗ್ಯಕ್ಕೆ ಹಾನಿಯಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬೇಕೆಂದು ನಿರ್ಣಯಿಸಿತ್ತು. ಎಪ್ಪತ್ತರ ದಶಕದ ಕೊನೆಗೆ ಇವ್ಯಾಂಜೆಲಿಕಲ್ ಚಿಂತಕ ಫ್ರಾನ್ಸಿಸ್ ಶೇಫರ್ ಮತ್ತು ವೈದ್ಯ ಎವೆರೆಟ್ ಕೂಪ್ ಊರೂರು ಸುತ್ತಿ ಭಾಷಣ, ಚಲನಚಿತ್ರಗಳ ಮೂಲಕ ಇವ್ಯಾಂಜೆಲಿಕಲ್‌ಗಳ ಮನಸ್ಸು ತಿರುಗಿಸಿದರು. ಕೋಟ್ಯಂತರ ಭಕ್ತರಿಗೆ ಇದು ಅಂತಃಕರಣದ ಪ್ರಶ್ನೆಯೇ ಆಗಿತ್ತು, ಈಗಲೂ ಆಗಿದೆ. ಇತಿಹಾಸಕಾರರಲ್ಲಿ ತೆರಿಗೆ ಮೊದಲೋ ಗರ್ಭಪಾತ ಮೊದಲೋ ಎಂಬ ಜಗಳ ಇನ್ನೂ ಇದೆ. ನಾನು ನೆನಪಿಟ್ಟುಕೊಂಡ ಸೂತ್ರ: ವಿಚಾರಕ್ಕೆ ಕರ್ಕ್, ಸಂಘಟನೆಗೆ ತೆರಿಗೆ, ಮತಕ್ಕೆ ಗರ್ಭಪಾತ. ಮೂರೂ ಇಲ್ಲದೆ 1980 ಇಲ್ಲ.

ಇನ್ನೊಂದು ಎಚ್ಚರ. 'ಅಮೆರಿಕದ ಕ್ರೈಸ್ತರು' ಎಂದು ಸಾರಾಸಗಟಾಗಿ ಬರೆಯಬೇಡಿ. ಬಿಳಿಯ ಇವ್ಯಾಂಜೆಲಿಕಲ್‌ಗಳಲ್ಲಿ ಸುಮಾರು ಐವರಲ್ಲಿ ನಾಲ್ವರು ಟ್ರಂಪ್ ಕಡೆ ನಿಂತರೆ, ಅದೇ ಬೈಬಲನ್ನು ಅಷ್ಟೇ ಭಕ್ತಿಯಿಂದ ಓದುವ ಕಪ್ಪು ಪ್ರೊಟೆಸ್ಟಂಟರು ಬಹುಪಾಲು ಡೆಮಾಕ್ರಟಿಕ್. ಕಿಂಗ್ ಬೋಧಿಸುತ್ತಿದ್ದ ಅಟ್ಲಾಂಟಾದ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ರಾಫೇಲ್ ವಾರ್ನಾಕ್ ಡೆಮಾಕ್ರಟಿಕ್ ಸೆನೆಟರ್. ಕ್ಯಾಥೊಲಿಕ್ ಮತ ಎರಡೂ ಕಡೆ ಹಂಚಿಹೋಗುತ್ತದೆ.

2022ರ ನಂತರ

ಡಾಬ್ಸ್ ತೀರ್ಪು 2022ರ ಜೂನ್ 24ರಂದು ರೋ ತೀರ್ಪನ್ನು ರದ್ದುಮಾಡಿತು, ಅದು ಎಲ್ಲರಿಗೂ ಗೊತ್ತು. ಅದೇ ತಿಂಗಳ ಇನ್ನೆರಡು ತೀರ್ಪು ಶಾಲೆಯವು. ಪಂದ್ಯ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಗೆದ್ದರು. ಮೇನ್ ರಾಜ್ಯ ಖಾಸಗಿ ಶಾಲೆಗಳಿಗೆ ಶುಲ್ಕದ ಹಣ ಕೊಡುವುದಾದರೆ ಧಾರ್ಮಿಕ ಶಾಲೆಗಳನ್ನು ಹೊರಗಿಡುವಂತಿಲ್ಲ ಎಂದು ಕಾರ್ಸನ್ ವರ್ಸಸ್ ಮೇಕಿನ್ ತೀರ್ಪು ಹೇಳಿತು.

ವಿಚಾರದ ಕಡೆಯೂ ಗಾಳಿ ಬದಲಾಗಿದೆ. ಪ್ಯಾಟ್ರಿಕ್ ಡನೀನ್, ಏಡ್ರಿಯನ್ ವರ್ಮ್ಯೂಲ್‌ರಂಥ ಕ್ಯಾಥೊಲಿಕ್ ಚಿಂತಕರು ಮುಕ್ತ ಮಾರುಕಟ್ಟೆಯೇ ಕುಟುಂಬವನ್ನೂ ಊರನ್ನೂ ಒಡೆಯಿತು ಎನ್ನುತ್ತಾರೆ. 2019ರಲ್ಲಿ ಕ್ಯಾಥೊಲಿಕ್ ಆದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಈ ವಲಯಕ್ಕೆ ಹತ್ತಿರದವರು. ಮೇಯರ್ ಅವರ ಜೋಡಣೆಯ ಬಗ್ಗೆ ಕರ್ಕ್ ಎತ್ತಿದ್ದ ತಕರಾರೇ ಇದು. ವ್ಯತ್ಯಾಸವೂ ಇದೆ, ಅದಕ್ಕೇ ಅಂಕ ಸಿಗುವುದು: ಕರ್ಕ್ ಕೇಂದ್ರೀಕೃತ ಅಧಿಕಾರಕ್ಕೆ ಹೆದರುತ್ತಿದ್ದರು, ಇವರಲ್ಲಿ ಹಲವರು ಒಳಿತನ್ನು ಸಾಧಿಸಲು ಅದೇ ಅಧಿಕಾರವನ್ನು ಬಳಸಬೇಕು ಎನ್ನುತ್ತಾರೆ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಓಕ್ಲಹೋಮಾದಲ್ಲಿ ಸಂಪೂರ್ಣ ಸರ್ಕಾರಿ ಹಣದಿಂದ ಕ್ಯಾಥೊಲಿಕ್ ಚಾರ್ಟರ್ ಶಾಲೆ (ಸರ್ಕಾರದ ಹಣದಲ್ಲಿ ಸ್ವತಂತ್ರ ಆಡಳಿತ ನಡೆಸುವ ಶಾಲೆ) ನಡೆಸುವ ಪ್ರಯತ್ನ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ 4–4ಕ್ಕೆ ಬಂದು ನಿಂತಿತು. ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ವಿಚಾರಣೆಯಿಂದ ಹೊರಗುಳಿದಿದ್ದರು. ಸಮಬಲವಾದ್ದರಿಂದ ಶಾಲೆಯನ್ನು ತಡೆದ ರಾಜ್ಯ ಸುಪ್ರೀಂ ಕೋರ್ಟಿನ ಆದೇಶ ಉಳಿಯಿತು, ದೇಶಕ್ಕೆ ಅನ್ವಯಿಸುವ ಪೂರ್ವನಿದರ್ಶನ ಹುಟ್ಟಲಿಲ್ಲ. ಎಪ್ಪತ್ತರ ದಶಕದಲ್ಲಿ ಚರ್ಚು ಶಾಲೆಗಳು 'ನಮ್ಮಿಂದ ತೆರಿಗೆ ಕೇಳಬೇಡಿ, ನಮ್ಮ ಪಾಡಿಗೆ ಬಿಡಿ' ಎಂದಿದ್ದವು. ಈಗಿನ ಬೇಡಿಕೆ 'ನಮಗೂ ಹಣ ಕೊಡಿ' ಎಂಬುದು. ಹಣ ಕೊಟ್ಟ ಸರ್ಕಾರ ಪ್ರವೇಶದ ನಿಯಮಕ್ಕೆ ಷರತ್ತು ಹಾಕಬಹುದೇ ಎಂಬ ಪ್ರಶ್ನೆ ಮೇನ್‌ನಲ್ಲಿ ಆಗಲೇ ಕೋರ್ಟಿನ ಮೆಟ್ಟಿಲೇರಿದೆ.