ಎಣ್ಣೆ ನೀರಲ್ಲಿ ಯಾಕೆ ಕರಗಲ್ಲ? ಶಾಖದ ಲೆಕ್ಕ ಸಾಲದ ಜಾಗ

ಧ್ರುವೀಯ ವಸ್ತು (ಕಣಗಳಲ್ಲಿ ಧನ, ಋಣ ವಿದ್ಯುದಾವೇಶ ಬೇರೆ ಬೇರೆ ಕಡೆ ಇರುವಂಥದ್ದು) ಧ್ರುವೀಯ ದ್ರಾವಕದಲ್ಲಿ, ಅಂದರೆ ಅಂಥದೇ ಕರಗಿಸುವ ದ್ರವದಲ್ಲಿ, ಕರಗುತ್ತದೆ; ಹಾಗಿಲ್ಲದ ಅಧ್ರುವೀಯ ವಸ್ತು ಅಧ್ರುವೀಯ ದ್ರಾವಕದಲ್ಲಿ. ಈ ಸೂತ್ರ ಎಲ್ಲರಿಗೂ ಬಾಯಿಪಾಠ. ಉಪ್ಪಿಗೆ ನೀರು, ಅಯೋಡಿನ್‌ಗೆ ಹೆಕ್ಸೇನ್ (ಪೆಟ್ರೋಲಿನಂಥ ಅಧ್ರುವೀಯ ದ್ರವ). ಆದರೆ 'ಯಾಕೆ' ಅಂತ ಕೇಳಿದರೆ ಸೂತ್ರ ಸುಮ್ಮನಾಗುತ್ತದೆ.

ಮೊದಲು ಶಾಖದ ಲೆಕ್ಕ. ಕರಗಬೇಕಾದರೆ ದ್ರಾವ್ಯದ (ಕರಗುವ ವಸ್ತುವಿನ) ಕಣಗಳು ಬಿಡಿಯಾಗಬೇಕು, ದ್ರಾವಕದ ಅಣುಗಳು ಸರಿದು ಜಾಗ ಕೊಡಬೇಕು. ಎರಡಕ್ಕೂ ಶಕ್ತಿ ಖರ್ಚು. ಆಮೇಲೆ ದ್ರಾವ್ಯವೂ ದ್ರಾವಕವೂ ಒಂದನ್ನೊಂದು ಹಿಡಿದಾಗ ಶಕ್ತಿ ವಾಪಸ್ ಬರುತ್ತದೆ. ಒಂದು ಮೋಲ್ (ಕಣಗಳ ಒಂದು ನಿಗದಿತ ಎಣಿಕೆ) ಸೋಡಿಯಂ ಕ್ಲೋರೈಡ್ ಹರಳನ್ನು, ಅಂದರೆ ಅಡುಗೆ ಉಪ್ಪನ್ನು, ಅಯಾನುಗಳಾಗಿ (ಆವೇಶ ಹೊತ್ತ ಕಣಗಳಾಗಿ) ಬಿಡಿಸಲು ಸುಮಾರು 787 ಕಿಲೋಜೂಲ್ ಬೇಕು. ನೀರು ಆ ಅಯಾನುಗಳನ್ನು ಸುತ್ತುವರಿದಾಗ ಸಿಗುವುದು ಸುಮಾರು 783. ಅಂದರೆ 4 ಕಿಲೋಜೂಲ್ ಕೊರತೆ! ಆದರೂ 100 ಗ್ರಾಂ ನೀರಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ಅಮೋನಿಯಂ ನೈಟ್ರೇಟ್‌ನಲ್ಲಿ ಕೊರತೆ ಇನ್ನೂ ಜಾಸ್ತಿ, ಸುಮಾರು 26 ಕಿಲೋಜೂಲ್. ಅದು ಕರಗುವಾಗ ನೀರೇ ತಣ್ಣಗಾಗುತ್ತದೆ, ಆದರೂ ಧಾರಾಳವಾಗಿ ಕರಗುತ್ತದೆ.

ಈ ಕೊರತೆಯನ್ನು ತುಂಬುವುದು ಎಂಟ್ರೊಪಿ. ಕಣಗಳು ಎಷ್ಟು ಬಗೆಯಲ್ಲಿ ಹಂಚಿಕೊಂಡಿರಬಹುದು ಎಂಬುದರ ಅಳತೆ ಅದು. ಶಾಖ, ಎಂಟ್ರೊಪಿ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತರುವುದು ಗಿಬ್ಸ್ ಶಕ್ತಿ:

ಗಿಬ್ಸ್ ಶಕ್ತಿಯ ಬದಲಾವಣೆ = ಶಾಖದ ಬದಲಾವಣೆ − (ತಾಪಮಾನ × ಎಂಟ್ರೊಪಿಯ ಬದಲಾವಣೆ)

ಇದು ಋಣವಾಗಿ ಬಂದರೆ ವಸ್ತು ಕರಗುವ ಕಡೆ ವಾಲುತ್ತದೆ. ಕೊರತೆ ತೀರಾ ದೊಡ್ಡದಾದರೆ ಎಂಟ್ರೊಪಿಯ ಕೈಯಲ್ಲೂ ಆಗುವುದಿಲ್ಲ. ಸಿಲ್ವರ್ ಕ್ಲೋರೈಡ್‌ನಲ್ಲಿ ಕೊರತೆ ಸುಮಾರು 65 ಕಿಲೋಜೂಲ್, ಹಾಗಾಗಿ ಒಂದು ಲೀಟರ್ ನೀರಲ್ಲಿ ಕರಗುವುದು 2 ಮಿಲಿಗ್ರಾಂನಷ್ಟು ಮಾತ್ರ.

ಈಗ ನನ್ನನ್ನು ತುಂಬಾ ಹೊತ್ತು ತಡೆದು ನಿಲ್ಲಿಸಿದ ಹೆಜ್ಜೆ. ಎಣ್ಣೆಯನ್ನು ಕಂಡರೆ ನೀರಿಗೆ ಆಗುವುದಿಲ್ಲ, ದೂರ ತಳ್ಳುತ್ತದೆ ಎನ್ನುತ್ತಾರೆ. ಆದರೆ ಅವೆರಡರ ಅಣುಗಳ ನಡುವೆ ಇರುವುದೂ ಆಕರ್ಷಣೆಯೇ. ಎಣ್ಣೆಯ ಬದಲು ಹೆಕ್ಸೇನ್ ತೆಗೆದುಕೊಳ್ಳೋಣ, ಲೆಕ್ಕ ಸುಲಭ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಕ್ಸೇನ್ ನೀರಿಗೆ ಸೇರುವಾಗ ಶಾಖದ ಬದಲಾವಣೆ ಹೆಚ್ಚುಕಡಿಮೆ ಸೊನ್ನೆ. ಹೆಕ್ಸೇನ್ ತನ್ನಂಥದೇ ಇನ್ನೊಂದು ದ್ರವವಾದ ಹೆಪ್ಟೇನ್‌ಗೆ ಸೇರುವಾಗಲೂ ಹೆಚ್ಚುಕಡಿಮೆ ಸೊನ್ನೆಯೇ. ಆದರೆ ಹೆಪ್ಟೇನ್ ಜೊತೆ ಅದು ಎಷ್ಟು ಬೇಕಾದರೂ ಬೆರೆಯುತ್ತದೆ, ನೀರಲ್ಲಿ ಬೆರೆಯುವುದೇ ಇಲ್ಲ ಎನ್ನಬಹುದು. ಶಾಖ ಎರಡು ಕಡೆಯೂ ಒಂದೇ ಆದಮೇಲೆ ವ್ಯತ್ಯಾಸವೆಲ್ಲ ಎಂಟ್ರೊಪಿಯಲ್ಲೇ ಇರಬೇಕು, ಅಲ್ವಾ?

ಬೆರೆತರೆ ಎಂಟ್ರೊಪಿ ಏರಬೇಕಲ್ಲ, ಇಲ್ಲಿ ಯಾಕೆ ಇಳಿಯುತ್ತದೆ? ನೀರಿನ ಅಣುವನ್ನು ನೋಡಿ. ಅದು ಸುತ್ತಲಿನ ನಾಲ್ಕು ಅಣುಗಳ ಜೊತೆ ಹೈಡ್ರೋಜನ್ ಬಂಧ (ಒಂದು ಅಣುವಿನ ಹೈಡ್ರೋಜನ್, ಇನ್ನೊಂದರ ಆಕ್ಸಿಜನ್ ನಡುವಿನ ಸೆಳೆತ) ಮಾಡಿಕೊಳ್ಳಬಲ್ಲದು. ಯಾವ ದಿಕ್ಕಿಗೆ ತಿರುಗಿದರೂ ಹಿಡಿಯಲು ಯಾರಾದರೂ ಸಿಗುತ್ತಾರೆ. ಪಕ್ಕದಲ್ಲಿ ಹೆಕ್ಸೇನ್ ಬಂತು ಅನ್ನಿ. ಆ ಕಡೆ ಬಂಧ ಸಾಧ್ಯವಿಲ್ಲ. ಬಂಧ ಕಳೆದುಕೊಳ್ಳಬಾರದು ಅಂದರೆ ನೀರಿನ ಅಣು ಕೆಲವೇ ದಿಕ್ಕುಗಳಿಗೆ ತಿರುಗಿಕೊಂಡಿರಬೇಕು. ಬಂಧಗಳು ಉಳಿದುಕೊಂಡವು, ಅದಕ್ಕೇ ಶಾಖದಲ್ಲಿ ನಷ್ಟ ಕಾಣುವುದಿಲ್ಲ. ಹೋದದ್ದು ತಿರುಗುವ ಸ್ವಾತಂತ್ರ್ಯ. ಒಂದು ಹೆಕ್ಸೇನ್ ಅಣುವಿನ ಸುತ್ತ ಇಂಥ ನೀರಿನ ಅಣುಗಳು ಎಷ್ಟೋ ಇರುತ್ತವೆ. ಹೆಕ್ಸೇನ್ ಚದುರಿದ್ದರಿಂದ ಬಂದ ಎಂಟ್ರೊಪಿಗಿಂತ ಇವೆಲ್ಲ ಸೇರಿ ಕಳೆದುಕೊಂಡದ್ದೇ ಜಾಸ್ತಿ. ಸಮೀಕರಣದಲ್ಲಿ ಎಂಟ್ರೊಪಿಯ ಬದಲಾವಣೆ ಋಣವಾಯಿತು, ಗಿಬ್ಸ್ ಶಕ್ತಿಯ ಬದಲಾವಣೆ ಧನವಾಯಿತು. ಎಣ್ಣೆಯ ಹನಿಗಳು ಒಂದಾಗಿಬಿಟ್ಟರೆ ನೀರಿಗೆ ತಾಗುವ ಮೇಲ್ಮೈ ಕಮ್ಮಿ, ಸಿಕ್ಕಿಕೊಂಡ ನೀರಿನ ಅಣುಗಳೂ ಕಮ್ಮಿ. ಎಣ್ಣೆ ಬೇರೆಯಾಗಿ ನಿಲ್ಲುವುದು ಇದಕ್ಕೇ.

ಕೊನೆಗೆ, ಆಲ್ಕೋಹಾಲ್‌ಗಳಿಗೆ ನನ್ನ ಇಷ್ಟದ ಅಡ್ಡದಾರಿ: ಒಂದು ಹೈಡ್ರಾಕ್ಸಿಲ್ ಗುಂಪು (ಆಕ್ಸಿಜನ್-ಹೈಡ್ರೋಜನ್ ಜೋಡಿ) ಮೂರು ಕಾರ್ಬನ್‌ಗಳನ್ನು ಆರಾಮಾಗಿ ನೀರಿಗೆ ಎಳೆಯುತ್ತದೆ. ಮೆಥನಾಲ್, ಎಥನಾಲ್, ಪ್ರೊಪನಾಲ್ ನೀರಿನೊಂದಿಗೆ ಎಷ್ಟು ಬೇಕಾದರೂ ಬೆರೆಯುತ್ತವೆ. ನಾಲ್ಕು ಕಾರ್ಬನ್ ಸಾಲಾಗಿರುವ 1-ಬ್ಯೂಟನಾಲ್ 100 ಗ್ರಾಂ ನೀರಲ್ಲಿ 8 ಗ್ರಾಂನಷ್ಟೇ ಕರಗುತ್ತದೆ, 1-ಹೆಕ್ಸನಾಲ್ ಒಂದು ಗ್ರಾಂಗಿಂತಲೂ ಕಮ್ಮಿ. ಗ್ಲೂಕೋಸ್‌ನಲ್ಲಿ ಆರು ಕಾರ್ಬನ್ ಇದ್ದರೂ ಹೈಡ್ರಾಕ್ಸಿಲ್ ಐದಿವೆ, ಅದು ಸಲೀಸಾಗಿ ಕರಗುತ್ತದೆ. ಟರ್ಷಿಯರಿ ಬ್ಯೂಟನಾಲ್ ಮಾತ್ರ ಈ ಲೆಕ್ಕ ಮೀರುತ್ತದೆ. ಕಾರ್ಬನ್ ನಾಲ್ಕೇ, ಆದರೂ ಪೂರ್ತಿ ಬೆರೆಯುತ್ತದೆ. ಅದರ ಅಣು ಉದ್ದವಾಗಿರದೆ ಉಂಡೆಯಂತಿದೆ, ನೀರಿಗೆ ತಾಗುವ ಎಣ್ಣೆಯಂಥ ಮೇಲ್ಮೈ ಚಿಕ್ಕದು.