ಎಕ್ಸಾನ್ 50 ಇಲ್ಲದ ಮಗನಿಗೆ ‘51ರ ಔಷಧಿ’ ಆಗುತ್ತದೆಯೇ?

ಪ್ರಶ್ನೆ: ಮಗನಿಗೆ ಎಂಟು ವರ್ಷ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯು ಕ್ರಮೇಣ ಕರಗುವ ಆನುವಂಶಿಕ ಕಾಯಿಲೆ) ಇದೆ. ರಿಪೋರ್ಟಿನಲ್ಲಿ ‘ಎಕ್ಸಾನ್ 50 ಡಿಲೀಷನ್’ ಎಂದಿದೆ. ಆರ್‌ಎನ್‌ಎ ಮೇಲೆ ಕೆಲಸ ಮಾಡುವ ‘ಎಕ್ಸಾನ್ 51’ ಔಷಧಿ ಇದೆಯಂತೆ. ಇಲ್ಲದಿರುವುದು 50 ಆದರೆ 51ರ ಔಷಧಿ ಹೇಗೆ ಆದೀತು? ನಾವು ಡೊಂಬಿವಲಿಯವರು, ಎಲ್ಲಿಗೆ ಹೋಗಬೇಕು?

ಉತ್ತರ: ಲೆಕ್ಕದ ಮಟ್ಟಿಗೆ ಆಗುತ್ತದೆ. ಎಕ್ಸಾನ್ ಎಂದರೆ ಜೀನಿನಲ್ಲಿ ಪ್ರೋಟೀನಿನ ಸೂಚನೆ ಇರುವ ಒಂದು ತುಂಡು. ಔಷಧಿಯ ಜೊತೆ ಹೇಳುವ ಸಂಖ್ಯೆ ಮಗುವಿನಲ್ಲಿ ಕಳೆದುಹೋದ ಎಕ್ಸಾನಿನದಲ್ಲ, ಜೀವಕೋಶ ಓದದೆ ಬಿಟ್ಟುಬಿಡುವಂತೆ ಔಷಧಿ ಮಾಡುವ ಎಕ್ಸಾನಿನದು. 51 ಮಾತ್ರ ಇಲ್ಲದ ಹುಡುಗನಿಗೆ ಇದರಿಂದ ಪ್ರಯೋಜನವಿಲ್ಲ, ಏಕೆಂದರೆ ಹಾಗೆ ಬಿಟ್ಟುಬಿಡಲು ಅವನಲ್ಲಿ 51 ಇಲ್ಲ.

ಸ್ನಾಯುವನ್ನು ಕಾಪಾಡುವ ಪ್ರೋಟೀನ್ ಡಿಸ್ಟ್ರೋಫಿನ್. ಅದರ ಜೀನಿನಲ್ಲಿ 79 ಎಕ್ಸಾನ್‌ಗಳಿವೆ. ಜೀವಕೋಶ ಇವುಗಳ ಆರ್‌ಎನ್‌ಎ ಪ್ರತಿಯನ್ನು ಸಾಲಾಗಿ ಜೋಡಿಸುತ್ತದೆ, ಆಮೇಲೆ ಮೂರು ಮೂರು ಅಕ್ಷರಗಳಾಗಿ ಓದಿ ಪ್ರೋಟೀನ್ ಮಾಡುತ್ತದೆ. ಎಕ್ಸಾನ್ 50ರ ಉದ್ದ 109 ಅಕ್ಷರ. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹಾಗಾಗಿ ಅದು ಹೋದರೆ 49ರ ನಂತರದ ಓದೆಲ್ಲ ತಪ್ಪುತ್ತದೆ, ಸ್ವಲ್ಪದರಲ್ಲೇ ‘ನಿಲ್ಲು’ ಸಂಕೇತ ಬಂದು ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. 51ರ ಉದ್ದ 233. ಅದನ್ನೂ ಬಿಟ್ಟರೆ ಹೋದದ್ದು ಒಟ್ಟು 342, ಮೂರರಿಂದ ಸರಿಯಾಗಿ ಭಾಗವಾಗುವ ಸಂಖ್ಯೆ. 49ಕ್ಕೆ ನೇರವಾಗಿ 52 ಸೇರಿ ಓದು ಹಳಿಗೆ ಬರುತ್ತದೆ. 114 ಅಮೈನೋ ಆಮ್ಲಗಳಷ್ಟು ಗಿಡ್ಡವಾದ, ಆದರೆ ಎರಡು ತುದಿಯೂ ಉಳಿದ ಡಿಸ್ಟ್ರೋಫಿನ್ ತಯಾರಾಗುತ್ತದೆ. ಸೌಮ್ಯ ರೂಪವಾದ ಬೆಕರ್ ಡಿಸ್ಟ್ರೋಫಿಯಲ್ಲಿ ಇಂಥ ಪ್ರೋಟೀನೇ ಇರುತ್ತದೆ. 52, 48–50, 45–50 ಡಿಲೀಷನ್‌ಗಳಿಗೂ ಇದೇ ಲೆಕ್ಕ ಹೊಂದುತ್ತದೆ. ಡುಶೆನ್ ಇರುವವರಲ್ಲಿ ಸುಮಾರು ಶೇ. 13 ಮಂದಿ ಈ ಗುಂಪಿನವರು.

ಔಷಧಿಯ ಹೆಸರು ಎಟೆಪ್ಲಿರ್ಸೆನ್. ಅಮೆರಿಕ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಪ್ರತಿ ಕಿಲೋ ತೂಕಕ್ಕೆ 30 ಮಿಲಿಗ್ರಾಂ, ವಾರಕ್ಕೊಮ್ಮೆ ರಕ್ತನಾಳದ ಮೂಲಕ, 35ರಿಂದ 60 ನಿಮಿಷ. 25 ಕಿಲೋ ತೂಕದ ಹುಡುಗನಿಗೆ ವಾರಕ್ಕೆ 750 ಮಿಲಿಗ್ರಾಂ ಬೇಕು.

ಇನ್ನು ಕಹಿಯಾದ ಭಾಗ. ಆ ಒಪ್ಪಿಗೆಗೆ ಆಧಾರವಾದ ಒಂದು ಅಧ್ಯಯನದಲ್ಲಿ 48 ವಾರಗಳ ನಂತರ ಡಿಸ್ಟ್ರೋಫಿನ್ ಏರಿದ್ದು ಸಹಜ ಮಟ್ಟದ ಶೇ. 0.16ರಿಂದ 0.44ಕ್ಕೆ, ಸರಾಸರಿ. ಯುರೋಪಿನ ಔಷಧ ಸಂಸ್ಥೆ 2018ರಲ್ಲಿ ಇದನ್ನು ಒಪ್ಪಲಿಲ್ಲ. ಔಷಧಿ ಗುರಿ ತಪ್ಪುವುದಿಲ್ಲ, ಗುರಿಯವರೆಗೆ ಸಾಕಷ್ಟು ತಲುಪುವುದಿಲ್ಲ. ವಿದ್ಯುದಾವೇಶವಿಲ್ಲದ ಈ ಅಣು ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡದಿಂದ ಹೊರಬೀಳುತ್ತದೆ. ಸ್ನಾಯುಕೋಶದೊಳಗೆ ಹೋಗುವುದು ಅತ್ಯಲ್ಪ, ಹೃದಯಕ್ಕಂತೂ ಇನ್ನೂ ಕಡಿಮೆ. ಈಗಿನ ಸಂಶೋಧನೆಯ ಬಹುಪಾಲು ಈ ತೊಡಕಿನ ಮೇಲೆಯೇ ನಡೆದಿದೆ: ಅಣುವಿಗೆ ಪೆಪ್ಟೈಡ್ (ಪ್ರೋಟೀನಿನಂಥದೇ ಚಿಕ್ಕ ತುಣುಕು) ಕಟ್ಟುವುದು, ಇಲ್ಲವೇ ಸ್ನಾಯುಕೋಶದ ಮೇಲಿನ ಟ್ರಾನ್ಸ್‌ಫೆರಿನ್ ಗ್ರಾಹಕವನ್ನು (ಕಬ್ಬಿಣವನ್ನು ಒಳಗೆ ಒಯ್ಯುವ ಬಾಗಿಲು) ಹಿಡಿಯುವ ಪ್ರತಿಕಾಯ ಕಟ್ಟುವುದು. ಪೆಪ್ಟೈಡ್ ಕಟ್ಟಿದ ಒಂದು ಔಷಧಿಯ ಪ್ರಯೋಗದಲ್ಲಿ ರಕ್ತದ ಮೆಗ್ನೀಸಿಯಂ ಇಳಿಯಿತು. ಹೆಚ್ಚು ಒಳಗೆ ಹೋದರೆ ಅಡ್ಡ ಪರಿಣಾಮವೂ ಹೆಚ್ಚಬಹುದು. ನಮ್ಮ ಭರವಸೆ ಮಾತ್ರ ಈ ಎರಡನೇ ಪೀಳಿಗೆಯ ಮೇಲೆಯೇ.

ಇದೇ ಬಗೆಯ ಇತರ ಔಷಧಿಗಳಲ್ಲಿ (53ಕ್ಕೆ ಗೊಲೊಡಿರ್ಸೆನ್ ಮತ್ತು ವಿಲ್ಟೊಲಾರ್ಸೆನ್, 45ಕ್ಕೆ ಕ್ಯಾಸಿಮರ್ಸೆನ್) ಮೂತ್ರಪಿಂಡದ ಮೇಲೆ ಕಣ್ಣಿಡಬೇಕು: ತಿಂಗಳಿಗೊಮ್ಮೆ ಮೂತ್ರದ ಡಿಪ್‌ಸ್ಟಿಕ್, ಮೂರು ತಿಂಗಳಿಗೊಮ್ಮೆ ರಕ್ತದ ಸಿಸ್ಟಾಟಿನ್-ಸಿ (ಮೂತ್ರಪಿಂಡದ ಕೆಲಸ ಅಳೆಯುವ ಪರೀಕ್ಷೆ). ಕ್ರಿಯೇಟಿನಿನ್ ನಾರ್ಮಲ್ ಎಂದು ನೆಮ್ಮದಿಯಾಗಬೇಡಿ. ಅದು ಸ್ನಾಯುವಿನಿಂದ ಬರುವಂಥದ್ದು. ಸ್ನಾಯು ಕರಗಿದ ಮಗುವಿನಲ್ಲಿ ಮೂತ್ರಪಿಂಡ ಕೆಟ್ಟಿದ್ದರೂ ಕಡಿಮೆಯೇ ತೋರಿಸುತ್ತದೆ.

ಈಗ ನೀವು ಮಾಡಬೇಕಾದ್ದು. ಮೊದಲು ರಿಪೋರ್ಟು ನೋಡಿ. ಯಾವ ಎಕ್ಸಾನ್ ಇಲ್ಲವೆಂದು ಹುಡುಕುವ ಎಂಎಲ್‌ಪಿಎ ಪರೀಕ್ಷೆಯಲ್ಲಿ ಒಂದೇ ಎಕ್ಸಾನ್ ಇಲ್ಲವೆಂದು ಬಂದರೆ ಅದನ್ನು ಬೇರೆ ವಿಧಾನದಿಂದ ಖಚಿತಪಡಿಸಲೇಬೇಕು. ಪರೀಕ್ಷೆಯ ಪ್ರೋಬ್ (ಎಕ್ಸಾನನ್ನು ಗುರುತಿಸುವ ಡಿಎನ್ಎ ತುಣುಕು) ಅಂಟುವ ಜಾಗದಲ್ಲಿ ಒಂದು ಅಕ್ಷರ ಬದಲಾಗಿದ್ದರೂ ಎಕ್ಸಾನ್ ಇಲ್ಲದಂತೆ ಕಾಣಬಹುದು. ನಿಮ್ಮದು ಒಂಟಿ ಎಕ್ಸಾನಿನ ರಿಪೋರ್ಟು, ಆದ್ದರಿಂದ ‘ಪಿಸಿಆರ್ ಅಥವಾ ಸೀಕ್ವೆನ್ಸಿಂಗ್‌ನಿಂದ ಖಚಿತವಾಗಿದೆಯೇ?’ ಎಂದು ಲ್ಯಾಬನ್ನು ಕೇಳಿ. ನಂತರ ಪರೇಲಿನ ಕೆಇಎಂ ಆಸ್ಪತ್ರೆಗೆ ಹೋಗಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಅದು ಉತ್ಕೃಷ್ಟತಾ ಕೇಂದ್ರ. ಈ ನೀತಿಯಡಿ 50 ಲಕ್ಷ ರೂಪಾಯಿವರೆಗಿನ ನೆರವಿನ ಅರ್ಜಿಯೂ ಇಂಥ ಕೇಂದ್ರದ ಮೂಲಕವೇ ಹೋಗುತ್ತದೆ. ಅಮೆರಿಕದ ಬೆಲೆಯಲ್ಲಿ ಎಟೆಪ್ಲಿರ್ಸೆನ್‌ಗೆ ವರ್ಷಕ್ಕೆ ಕೋಟಿಗಟ್ಟಲೆ ಬೇಕು, ಆ ಲೆಕ್ಕಕ್ಕೆ ಈ ನೆರವು ಸಾಲದು. ಆದರೂ ಹೆಸರು ನೋಂದಾಯಿಸಿ. ಮುಂದೆ ಪ್ರಯೋಗಕ್ಕೆ ಮಕ್ಕಳನ್ನು ಹುಡುಕುವಾಗ ರಿಪೋರ್ಟು ಒಬ್ಬ ತಜ್ಞರ ಕೈಯಲ್ಲಿರುವುದು ಒಳ್ಳೆಯದು.

ಅಲ್ಲಿಯವರೆಗೆ ಸ್ಟೆರಾಯ್ಡ್ ಬಿಡಬೇಡಿ. ಆರ್‌ಎನ್‌ಎ ಔಷಧಿಯ ಪ್ರಯೋಗಗಳಲ್ಲೂ ಮಕ್ಕಳು ಸ್ಟೆರಾಯ್ಡ್ ಮುಂದುವರಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ಜೀವಕ್ಕೇ ಅಪಾಯವಾದೀತು. ವರ್ಷಕ್ಕೊಮ್ಮೆ ಹೃದಯದ ಎಕೋ ಮಾಡಿಸಿ.

ಯಾರಾದರೂ ‘ಟ್ರಯಲ್’ ಎಂದು ಹೇಳಿ ಹಣ ಕೇಳಿದರೆ ಅಲ್ಲಿಂದ ಎದ್ದುಬನ್ನಿ. ಭಾರತದಲ್ಲಿ ಔಷಧ ಪ್ರಯೋಗ ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ನೋಂದಣಿ) ದಾಖಲೆಯಲ್ಲಿ ಇರಲೇಬೇಕು. ಆ ನೋಂದಣಿ ಸಂಖ್ಯೆ ಕೇಳಿ, ಅವರ ಜಾಲತಾಣದಲ್ಲಿ ನೀವೇ ನೋಡಿ. ಮಗನ ತಾಯಿಯದೂ ಪರೀಕ್ಷೆ ಮಾಡಿಸಿ. ಸುಮಾರು ಮೂರರಲ್ಲಿ ಎರಡು ಪಾಲು ತಾಯಂದಿರು ಈ ಬದಲಾವಣೆಯ ವಾಹಕರಾಗಿರುತ್ತಾರೆ. ಮಗನ ತಾಯಿಗೆ ತಂಗಿಯಿದ್ದರೆ, ಆಕೆಗೆ ಮಗು ಆಗುವ ಮೊದಲೇ ಇದು ಗೊತ್ತಾಗಬೇಕು.